ಆಕರಸೂಚಿಯಲ್ಲಿ 'ಸಂ.': ಸಂಪಾದಕರೋ, ಸಂಪುಟವೋ, ಸಂಚಿಕೆಯೋ, ಸಂಖ್ಯೆಯೋ?

ಮಾನ್ಯ ಸದಸ್ಯರಿಗೆ ವಂದನೆಗಳು.

ಕನ್ನಡದ ಸಂಶೋಧನಾ ಪತ್ರಿಕೆಯೊಂದಕ್ಕೆ ಲೇಖನವನ್ನು ಅಣಿಗೊಳಿಸುತ್ತಿರುವಾಗ ಎದುರಾದ ಪದಪ್ರಶ್ನೆಯೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಅಡಿಟಿಪ್ಪಣಿಗಳಲ್ಲಿಯೂ ಲೇಖನದ ಕೊನೆಯ ಆಕರಸೂಚಿಯಲ್ಲಿಯೂ ನಾವೆಲ್ಲ ಬಳಸುವ 'ಸಂ.' ಎಂಬ ಸಂಕ್ಷೇಪವು ಯಾವ ಪದಕ್ಕೆ ಸಲ್ಲಬೇಕು ಎಂಬುದೇ ಆ ಪ್ರಶ್ನೆ. ಪತ್ರಿಕೆಯವರು ಲೇಖಕರಿಗೆ ಕೊಟ್ಟಿರುವ ಸೂಚನೆಗಳಲ್ಲಿ ರೂಢಿಯ ಸಂಕ್ಷೇಪಗಳನ್ನು ಬಳಸಬೇಕೆಂದಷ್ಟೇ ಇದೆ. ರೂಢಿಯಲ್ಲಾದರೋ ಈ ಒಂದೇ ಅಕ್ಷರವು ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ ಎಂಬ ನಾಲ್ಕು ಪದಗಳಿಗೂ ನಿಲ್ಲುತ್ತದೆ. ಸಂಗ್ರಾಹಕ, ಸಂಸ್ಕರಣ ಎಂಬವೂ ಆಗಾಗ ಇದೇ ಸಾಲಿಗೆ ಬಂದು ಸೇರುವುದುಂಟು.

ತೊಡಕು ಎಲ್ಲಿದೆಯೆಂಬುದು ತಿಳಿಯಲು ನಮಗೆಲ್ಲ ಪರಿಚಿತವಾದ ಆಕರವೊಂದನ್ನೇ ತೆಗೆದುಕೊಳ್ಳಬಹುದು. ಸಮಗ್ರ ವಚನ ಸಂಪುಟ ಮಾಲೆಯ ಮೊದಲ ಸಂಪುಟವು ಬಸವಣ್ಣನವರ ವಚನಗಳದು. ಅದರ ಸಂಪಾದಕರು ಎಂ. ಎಂ. ಕಲಬುರ್ಗಿಯವರು, ಪ್ರಕಟವಾದ ವರ್ಷ 1993. ಅಲ್ಲಿಂದ ವಚನವೊಂದನ್ನು ಉದ್ಧರಿಸಿದ ಲೇಖಕರು ಅಡಿಟಿಪ್ಪಣಿಯನ್ನು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ (ವಚನದ ಅಂಕೆಯನ್ನು ಮಾದರಿಗಾಗಿ ಮಾತ್ರ ಇಟ್ಟಿದ್ದೇನೆ): 'ಎಂ. ಎಂ. ಕಲಬುರ್ಗಿ (ಸಂ.), ಸಮಗ್ರ ವಚನ ಸಂಪುಟ, ಸಂ. 1, 1993, ವ. ಸಂ. 112'. ಒಂದೇ ಸಾಲಿನಲ್ಲಿ 'ಸಂ.' ಮೂರು ಸಲ ಬಂದಿದೆ, ಮೂರು ಸಲವೂ ಬೇರೆ ಅರ್ಥದಲ್ಲಿ. ಇದೇ ಲೇಖನದ ಮುಂದಿನ ಟಿಪ್ಪಣಿಗಳಲ್ಲಿ ಮಾಲೆಯ ಹೆಸರನ್ನೂ ಚಿಕ್ಕದು ಮಾಡಿ 'ಸ. ವ. ಸಂ. 1, ಸಂ. 112' ಎಂದು ಬರೆದರಂತೂ ಕೊನೆಯ ಅಂಕೆ ವಚನದ್ದೋ ಇನ್ನಾವುದರದೋ ಎಂಬುದನ್ನು ಓದುಗರು ಊಹಿಸಿಯೇ ತಿಳಿಯಬೇಕಾಗುತ್ತದೆ.

ಈ ಗೊಂದಲ ಯಾರ ಅಜಾಗರೂಕತೆಯಿಂದಲೂ ಹುಟ್ಟಿದ್ದಲ್ಲ. ಈ ನಾಲ್ಕೂ ಪದಗಳು 'ಸಂ' ಉಪಸರ್ಗದಿಂದ ಮೊದಲಾಗುವ ಸಂಸ್ಕೃತ ಪದಗಳು. ಕನ್ನಡದಲ್ಲಿ ಪದವನ್ನು ಚಿಕ್ಕದು ಮಾಡುವಾಗ ನಾವು ಮೊದಲ ಅಕ್ಷರವನ್ನು ಉಳಿಸಿಕೊಳ್ಳುತ್ತೇವೆ, ಅನುಸ್ವಾರವು ಆ ಅಕ್ಷರದ ಜೊತೆಯಲ್ಲಿಯೇ ಇರುವುದರಿಂದ ಉಪಸರ್ಗವಷ್ಟೇ ಉಳಿದು, ಅರ್ಥವನ್ನು ಬೇರ್ಪಡಿಸುವ ಭಾಗವೆಲ್ಲ ಬಿಟ್ಟುಹೋಗುತ್ತದೆ.

ಸ್ಥಾನದಿಂದಲೇ ಅರ್ಥ ಹೊಳೆಯುತ್ತದೆ, ವ್ಯಕ್ತಿಯ ಹೆಸರಿನ ಪಕ್ಕದಲ್ಲಿದ್ದರೆ ಸಂಪಾದಕರೆಂದೂ ಅಂಕೆಯ ಮುಂದಿದ್ದರೆ ಸಂಪುಟವೆಂದೂ ತಿಳಿಯುವುದು ಕಷ್ಟವಲ್ಲ ಎಂದು ಹಿರಿಯ ಸದಸ್ಯರು ಹೇಳಬಹುದು. ಗ್ರಂಥಗಳ ಮಟ್ಟಿಗೆ ಈ ಮಾತನ್ನು ಬಹುಪಾಲು ಒಪ್ಪಿಕೊಳ್ಳುತ್ತೇನೆ. ಆದರೆ ನಿಯತಕಾಲಿಕದ ಲೇಖನವನ್ನು 'ಸಂ. 12, ಸಂ. 3' ಎಂದು ಸೂಚಿಸಿದಾಗ ಸ್ಥಾನವು ನೆರವಿಗೆ ಬರುವುದಿಲ್ಲ. ಇಂಗ್ಲಿಷಿನ ಸಂಶೋಧನಾ ಬರಹಗಳಲ್ಲಿ ಆಕರಗಳನ್ನು ಸೂಚಿಸಲು ಬಳಸುವ ಎರಡು ಪ್ರಸಿದ್ಧ ಶೈಲಿಗಳು ಎಪಿಎ ಮತ್ತು ಎಂಎಲ್‌ಎ. ಎಪಿಎ ಶೈಲಿಯು ಇಂಥಲ್ಲಿ ಸಂಕ್ಷೇಪವನ್ನೇ ಕೈಬಿಟ್ಟು, ಸಂಪುಟದ ಅಂಕೆಯ ಪಕ್ಕದಲ್ಲಿ ಸಂಚಿಕೆಯ ಅಂಕೆಯನ್ನು ಆವರಣದೊಳಗೆ, ಅಂದರೆ 12(3) ಎಂದು ಕೊಡುತ್ತದೆ. ಎಂಎಲ್‌ಎ ಶೈಲಿಯು ಎರಡಕ್ಕೂ ಬೇರೆ ಬೇರೆ ಸಂಕ್ಷೇಪಗಳನ್ನು ಇಟ್ಟುಕೊಂಡಿದೆ. ನಾವು ಎಂಎಲ್‌ಎ ಕ್ರಮದಂತೆ ಬರೆಯುತ್ತಿದ್ದೇವೆಂದು ಹೇಳಿಕೊಂಡು ಎರಡಕ್ಕೂ ಒಂದೇ ಅಕ್ಷರವನ್ನು ಬಳಸಿದರೆ ಆ ಕ್ರಮದ ಉದ್ದೇಶವೇ ಕೆಡುತ್ತದೆ.

ಶಾಸನಗಳ ಉಲ್ಲೇಖದಲ್ಲಿ ಸಮಸ್ಯೆ ಇನ್ನೂ ತೀವ್ರವಾಗಿದೆ, ಏಕೆಂದರೆ ಅಲ್ಲಿ ತಪ್ಪಾಗಿ ಓದಿದವರು ಬೇರೊಂದು ಜಿಲ್ಲೆಗೇ ಹೋಗಿಬಿಡುತ್ತಾರೆ. ಬಿ. ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ 5ನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಮಾಲೆಯಲ್ಲಿ ಅದೇ ಅಂಕೆಯ ಸಂಪುಟವು ಮೈಸೂರು ಜಿಲ್ಲೆಯ ತಾಲ್ಲೂಕುಗಳದು. ಹೀಗಿರುವಾಗ 'ಎ. ಕ. ಸಂ. 5, ಸಂ. 71' ಎಂದಷ್ಟೇ ಬರೆದರೆ ಯಾವ ಮಾಲೆ ಎಂಬುದೂ ತಿಳಿಯುವುದಿಲ್ಲ, 71 ಎಂಬುದು ಶಾಸನದ ಸಂಖ್ಯೆಯೇ ಎಂಬುದೂ ಖಚಿತವಾಗುವುದಿಲ್ಲ. ತಾಲ್ಲೂಕಿನ ಹೆಸರನ್ನು ಸೇರಿಸಿ 'ಬೇಲೂರು 71' ಎಂಬಂತೆ ಬರೆಯುತ್ತಿದ್ದ ಹಿಂದಿನವರ ಕ್ರಮದಲ್ಲಿ ಈ ಅಪಾಯ ಕಡಿಮೆಯಿತ್ತು. ಆ ಪದ್ಧತಿಯನ್ನು ನಮ್ಮ ಈಚಿನ ಲೇಖನಗಳಲ್ಲಿ ಏಕೆ ಬಿಟ್ಟುಕೊಡುತ್ತಿದ್ದೇವೆಂಬುದು ನನಗೆ ನಿಜವಾದ ಬೇಸರದ ವಿಷಯ.

ಸಂಪಾದಕರ ವಿಷಯದಲ್ಲಿ ಇನ್ನೊಂದು ಮಾತಿದೆ. ಇಂಗ್ಲಿಷಿನ ಶೈಲಿಗಳು ಒಬ್ಬ ಸಂಪಾದಕರಿಗೆ ಒಂದು ರೂಪವನ್ನೂ ಹಲವರಿಗೆ ಬಹುವಚನದ ಮತ್ತೊಂದು ರೂಪವನ್ನೂ ಕೇಳುತ್ತವೆ. ಕನ್ನಡದಲ್ಲಿ ಒಬ್ಬರನ್ನೂ ಗೌರವದಿಂದ 'ಸಂಪಾದಕರು' ಎಂದೇ ಕರೆಯುವುದರಿಂದ ಈ ಭೇದವನ್ನು ಸಂಕ್ಷೇಪದಲ್ಲಿ ತೋರಿಸುವ ಅಗತ್ಯವಿಲ್ಲ. ಎಷ್ಟು ಜನ ಎಂಬುದನ್ನು ಹೆಸರುಗಳೇ ಹೇಳುತ್ತವೆ. 'ಸಂ.' ಮತ್ತು 'ಸಂ.ರು' ಎಂದು ಎರಡು ಬಗೆ ಮಾಡುವುದು ಅನಾವಶ್ಯಕವೆಂದೇ ನನ್ನ ಅಭಿಪ್ರಾಯ. 'ಪ್ರ. ಸಂ.' ಎಂಬುದನ್ನು ಮಾತ್ರ ದಯವಿಟ್ಟು ಗಮನಿಸಬೇಕು; ಅದನ್ನು ಪ್ರಧಾನ ಸಂಪಾದಕರೆಂದೂ ಓದಬಹುದು, ಪ್ರಥಮ ಸಂಸ್ಕರಣವೆಂದೂ ಓದಬಹುದು.

'ಪು.' ಎಂಬುದು ಪುಟಕ್ಕೆ ನೆಲೆನಿಂತಿದೆ, ಅದನ್ನು ಅಲುಗಿಸಬೇಕಿಲ್ಲ. ಮೇಲಿನ ಆಕರವೇ ಮರಳಿ ಬಂದಾಗ 'ಅದೇ' ಎಂದೂ ಹಿಂದೆಲ್ಲೋ ಹೇಳಿದ್ದಕ್ಕೆ 'ಪೂರ್ವೋಕ್ತ' ಎಂದೂ ಬರೆಯುವುದು ಚೆನ್ನಾಗಿಯೇ ನಡೆದಿದೆ.

ಈಗಲೇ ಇದನ್ನು ಕೇಳುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಝೊಟೆರೊದಂತಹ ತಂತ್ರಾಂಶಗಳು ಆಕರಸೂಚಿಯನ್ನು ತಾವೇ ಜೋಡಿಸಿಕೊಡುವಾಗ ಪ್ರತಿಯೊಂದು ಭಾಷೆಗೂ ಒಂದು ಪದಕಡತವನ್ನು ಆಧರಿಸುತ್ತವೆ. ಆ ಕಡತದಲ್ಲಿ ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ ಎಂಬವುಗಳಿಗೆ ಪ್ರತ್ಯೇಕ ಸ್ಥಾನಗಳಿದ್ದು, ಪೂರ್ಣರೂಪ ಮತ್ತು ಸಂಕ್ಷಿಪ್ತರೂಪ ಎರಡಕ್ಕೂ ಅವಕಾಶವಿರುತ್ತದೆ. ನಾವು ನಾಲ್ಕು ಕಡೆಯೂ 'ಸಂ.' ಎಂದೇ ತುಂಬಿಸಿದರೆ ಗೊಂದಲವು ಇನ್ನು ಮುಂದೆ ಯಂತ್ರದ ಮೂಲಕವೇ ಹರಡುತ್ತದೆ. ಏನನ್ನೂ ನಿಶ್ಚಯಿಸದಿದ್ದರೆ ಕನ್ನಡದ ಸಾಲುಗಳ ನಡುವೆ ಇಂಗ್ಲಿಷಿನ ಸಂಕ್ಷೇಪಗಳು ನುಸುಳುತ್ತಲೇ ಇರುತ್ತವೆ.

ನನ್ನ ಸಲಹೆ ಇಷ್ಟು. 'ಸಂಪುಟ', 'ಸಂಚಿಕೆ' ಎಂಬವು ಮೂರು ಮೂರು ಅಕ್ಷರದ ಪದಗಳು, 'ಸಂಖ್ಯೆ' ಎರಡೇ ಅಕ್ಷರದ್ದು. 'ಸಂಪು.', 'ಸಂಚಿ.' ಎಂದು ಬರೆದು ಉಳಿಸುವುದು ಒಂದು ಅಕ್ಷರವನ್ನು ಮಾತ್ರ. ಅದರ ಜಾಗಕ್ಕೆ ಚುಕ್ಕಿಯೊಂದು ಬಂದು ಕೂರುತ್ತದೆ. ಆದ್ದರಿಂದ ಈ ಮೂರನ್ನೂ ಪೂರ್ಣವಾಗಿ ಬರೆಯೋಣ. 'ಸಂಪಾದಕರು' ಎಂಬುದಕ್ಕೆ ಮಾತ್ರ, ಈಗಾಗಲೇ ಕೆಲವರು ಬಳಸುತ್ತಿರುವ 'ಸಂಪಾ.' ಎಂಬ ರೂಪವನ್ನು ಒಪ್ಪಿಕೊಂಡು, ಒಂಟಿ 'ಸಂ.' ಅನ್ನು ಆಕರಸೂಚಿಯಿಂದ ಪೂರ್ತಿಯಾಗಿ ಕೈಬಿಡೋಣ. ಆಗ ಮೇಲಿನ ಟಿಪ್ಪಣಿಯು 'ಎಂ. ಎಂ. ಕಲಬುರ್ಗಿ (ಸಂಪಾ.), ಸಮಗ್ರ ವಚನ ಸಂಪುಟ 1, 1993, ವಚನ 112' ಎಂದಾಗುತ್ತದೆ. ಅದು ಮೊದಲಿನದಕ್ಕಿಂತ ಉದ್ದವೇನೂ ಆಗಿಲ್ಲ ಎಂಬುದನ್ನು ತಾವೇ ನೋಡಬಹುದು.

ಸದಸ್ಯರಲ್ಲಿ ಪತ್ರಿಕೆಗಳ ಸಂಪಾದಕ ಮಂಡಳಿಯಲ್ಲಿರುವವರು, ಕರಡು ತಿದ್ದುವವರು ತಮ್ಮಲ್ಲಿ ನಡೆದಿರುವ ಕ್ರಮವನ್ನು ದಯವಿಟ್ಟು ತಿಳಿಸಬೇಕು. 'ಸಂಪಾ.' ಎಂಬುದನ್ನು 'ಸಂಪಾದನೆ' ಎಂದು ಬಿಡಿಸಿ ಓದುವ ರೂಢಿ ಎಲ್ಲಿಯಾದರೂ ಇದೆಯೇ? ಶಾಸನಗಳ ಮಟ್ಟಿಗೆ ಎಲ್ಲರೂ ಬಲ್ಲ 'ನಂ.' ಎಂಬ ರೂಪವನ್ನೇ, ಅದು ಇಂಗ್ಲಿಷಿನಿಂದ ಬಂದದ್ದಾದರೂ, ಉಳಿಸಿಕೊಂಡು 'ಬೇಲೂರು ನಂ. 71' ಎಂದು ಬರೆಯುವುದಕ್ಕೆ ಶಾಸನತಜ್ಞರ ಒಪ್ಪಿಗೆ ಇದೆಯೇ, ಅಥವಾ ತಾಲ್ಲೂಕಿನ ಹೆಸರು ಮತ್ತು ಅಂಕೆ ಇಷ್ಟೇ ಸಾಕೇ?