ಪಟ್ಟಿ ಕಟ್ಟದೆ ಬಿಪಿ ತೋರಿಸುವ ವಾಚ್ ನಂಬಬಹುದಾ?

ಪ್ರಶ್ನೆ: ಅಪ್ಪನಿಗೆ ಬಿಪಿ ಇದೆ. ದಿನವಿಡೀ ತಾನೇ ಬಿಪಿ ನೋಡುವ ವಾಚ್ ತಂದೆ. ಕೂರಿಸಿ, ಮನೆಯ ಬಿಪಿ ಮಷಿನ್ ಜೊತೆ ಹತ್ತು ಸಲ ಹೋಲಿಸಿದೆ. ಎರಡು ಮೂರು ಅಂಕಿಯಷ್ಟೇ ವ್ಯತ್ಯಾಸ. ಇಷ್ಟು ಸಾಕಲ್ವಾ?

ಉತ್ತರ 1: ಸಾಲದು. ಇಂಥ ವಾಚ್ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಚರ್ಮದ ಮೇಲೆ ಬೆಳಕು ಬಿಟ್ಟು ನಾಡಿಯ ಅಲೆ ನೋಡುತ್ತದೆ, ಆಮೇಲೆ ನೀವು ಮೊದಲು ಮಷಿನ್‌ನಿಂದ ತುಂಬಿಸಿದ ಅಂಕಿ ಹಿಡಿದು ಅಂದಾಜು ಮಾಡುತ್ತದೆ. ಸುಮ್ನೆ ಕೂತಾಗ ಬಿಪಿ ಜಾಸ್ತಿ ಬದಲಾಗುವುದಿಲ್ಲ, ಹಾಗಾಗಿ ಹಳೆಯ ಅಂಕಿಯನ್ನೇ ತಿರುಗಿಸಿ ಹೇಳಿದರೂ ಸರಿ ಅನ್ನಿಸುತ್ತದೆ. ಬದಲಾವಣೆ ಹಿಡಿಯುತ್ತದಾ ಅನ್ನುವುದೇ ನಿಜವಾದ ಪರೀಕ್ಷೆ. 2023ರಲ್ಲಿ ಯುರೋಪಿಯನ್ ಸೊಸೈಟಿ ಆಫ್ ಹೈಪರ್‌ಟೆನ್ಷನ್ ಅನ್ನುವ ಬಿಪಿ ತಜ್ಞರ ಸಂಘ ಹೇಳಿದ್ದೂ ಇದನ್ನೇ: ಕೈ ಮೇಲೆ ಕೆಳಗೆ ಮಾಡಿದಾಗ, ನಿದ್ದೆಯಲ್ಲಿ, ವ್ಯಾಯಾಮದಲ್ಲಿ, ಮಾತ್ರೆಯಿಂದ ಬಿಪಿ ಇಳಿದಾಗ ಎಲ್ಲಾ ನೋಡಬೇಕು.

ಉತ್ತರ 2: ತೋಳಿಗೆ ಕಟ್ಟುವ ಮಷಿನ್‌ಗೇ ಕನಿಷ್ಠ 85 ಜನರ ಮೇಲೆ ಪರೀಕ್ಷೆ ಬೇಕು, ಸರಾಸರಿ ವ್ಯತ್ಯಾಸ 5 ಅಂಕಿ ದಾಟುವಂತಿಲ್ಲ. ಒಬ್ಬರ ಹತ್ತು ಅಳತೆ ಏನೂ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಅಪ್ಪನನ್ನು ಮೆಟ್ಟಿಲು ಹತ್ತಿಸಿ ನೋಡಲಾ?

ಉತ್ತರ 1: ಬೇಡ ಬೇಡ! ಬೆಳಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ ತೋಳಿನ ಮಷಿನ್‌ನಲ್ಲಿ ನೋಡಿ ಬರೆದಿಡಿ, ಡಾಕ್ಟರಿಗೆ ಅದನ್ನೇ ತೋರಿಸಿ. ವಾಚ್ ನೋಡಿ ಮಾತ್ರೆ ಬದಲಿಸಲೇಬೇಡಿ.