ಸಹಾಯ ಬೇಕು: ಡಿ ಡ್ರೈವ್ ಮುಟ್ಟದೆ ವಿಂಡೋಸ್ ಮತ್ತೆ ಹಾಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಹಳೇ ಲ್ಯಾಪ್‌ಟಾಪಿನ ವಿಂಡೋಸ್ 10 ಕೆಟ್ಟು ಕೂತಿದೆ. ಲೋಗೋ ಬರುತ್ತದೆ, ಚುಕ್ಕಿಗಳು ಸುತ್ತುತ್ತವೆ, ಮತ್ತೆ ರೀಸ್ಟಾರ್ಟ್. ಬೆಳಗ್ಗೆಯಿಂದ ಇದೇ ಆಟ.

ಇರೋದು ಒಂದೇ ಡಿಸ್ಕು, ಅದರಲ್ಲೇ ಸಿ ಮತ್ತು ಡಿ. ಮಗಳ ನಾಮಕರಣದಿಂದ ಹಿಡಿದು ಎಲ್ಲ ಫೋಟೋಗಳೂ ಡಿಯಲ್ಲಿವೆ. ಬ್ಯಾಕಪ್ ಇಲ್ಲ. (ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಿದ್ದೇನೆ.)

ಪೆನ್‌ಡ್ರೈವಿನಿಂದ ಬೂಟ್ ಮಾಡಿ ಕಸ್ಟಮ್ ಇನ್‌ಸ್ಟಾಲ್ ತನಕ ಹೋದೆ. ನೋಡಿದರೆ ಎರಡಲ್ಲ, ಐದು ಪಾರ್ಟಿಷನ್! 100 ಎಂಬಿಯ ಸಿಸ್ಟಮ್, 16 ಎಂಬಿಯ ಎಂಎಸ್‌ಆರ್ (ವಿಂಡೋಸ್ ತನಗೇ ಅಂತ ಕಾದಿರಿಸಿಕೊಳ್ಳೋ ಜಾಗ), ಕೊನೆಗೊಂದು ರಿಕವರಿ. ಸಿ, ಡಿ ಅನ್ನೋ ಅಕ್ಷರವೇ ಕಾಣಲ್ಲ. ಗಾತ್ರ ನೋಡಿ 120 ಜಿಬಿಯದೇ ಸಿ ಅಂದುಕೊಂಡಿದ್ದೇನೆ. ಅದೊಂದನ್ನೇ ಫಾರ್ಮ್ಯಾಟ್ ಮಾಡಿದರೆ ಸಾಕಾ, ಆ ಚಿಕ್ಕವನ್ನೂ ಅಳಿಸಬೇಕಾ? ಇಲ್ಲಾ, ಮೊದಲು ಲಿನಕ್ಸ್ ಪೆನ್‌ಡ್ರೈವ್ ಹಾಕಿ ಫೋಟೋ ಕಾಪಿ ಮಾಡಿಕೊಳ್ಳೋದೇ ವಾಸಿಯಾ? ಮಾಡಿ ಗೊತ್ತಿರುವವರು ಹೇಳಿ, ಅಲ್ಲಿವರೆಗೆ ನೆಕ್ಸ್ಟ್ ಒತ್ತಲ್ಲ.