ಜಪಾನಿ ಟ್ರ್ಯಾಕ್ ಸೈಕಲ್ ಫ್ರೇಮ್, ಕುಂಬಳೆ–ಬದಿಯಡ್ಕದ ಚಡಾವು: ಗಿಯರ್, ಬ್ರೇಕ್, ಹೆಡ್‌ಸೆಟ್ ಬಗ್ಗೆ ಸಲಹೆ ಬೇಕು

ಒಂಟಿಗಿಯರ್_ಕುಂಬಳೆ:

1980ರ ದಶಕದ ಕೀರಿನ್ (ಜಪಾನಿನ ಟ್ರ್ಯಾಕ್ ಸೈಕಲ್ ಪಂದ್ಯ) ಫ್ರೇಮ್ ಒಂದು ಫೋರ್ಕ್ ಸಮೇತ ಸಿಕ್ಕಿದೆ. ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗಿನ ಜಾಗ) ಕೆಳಗೆ ಎನ್‌ಜೆಎಸ್ ಮುದ್ರೆ, ಅಂದರೆ ಕೀರಿನ್ ಪಂದ್ಯಕ್ಕೆ ಒಪ್ಪಿಗೆಯ ಗುರುತು, ಉಂಟು. ಹಿಂದಿನ ಗಾಲಿ ಕೂರುವ ಅಗಲ 120 ಮಿ.ಮೀ., ಸೀಟ್‌ಪೋಸ್ಟ್ 27.2. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಕ್ರ್ಯಾಂಕ್, ಗಾಲಿ ಯಾವುದೂ ಇಲ್ಲ. ಬ್ರೇಕಿಗೆ ತೂತು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಓಡಿಸುವುದು ಕುಂಬಳೆಯಿಂದ ಬದಿಯಡ್ಕದ ಕಡೆಗೆ, ಫಿಕ್ಸೆಡ್ ಆಗಿಯೇ (ಗಾಲಿ ತಿರುಗುವಷ್ಟು ಹೊತ್ತು ಪೆಡಲೂ ತಿರುಗುವಂತೆ). ಫ್ರೇಮ್ ಕೊಟ್ಟವರ ಹತ್ತಿರ 49 ಹಲ್ಲಿನ ಚೈನ್‌ವೀಲ್, 14ರ ಕಾಗ್ (ಹಿಂದಿನ ಹಲ್ಲುಚಕ್ರ) ಕೂಡ ಉಂಟಂತೆ, ಅದನ್ನೇ ತಗೊಳ್ಳಬಹುದಾ? ಹೆಡ್‌ಸೆಟ್ ಯಾವುದು ಕೂರುತ್ತದೆ? ಬ್ರೇಕಿಗೆ ಎಂತ ಮಾಡುವುದು?

ವರ್ನಿಯರ್_ಮಂಜೇಶ್ವರ:

ದುಡ್ಡು ಬಿಚ್ಚುವ ಮೊದಲು ವರ್ನಿಯರ್ ಹಿಡಿಯಿರಿ ಮಾರಾಯ್ರೇ. ಒಂದಿಂಚಿನ ಥ್ರೆಡ್ ಹೆಡ್‌ಸೆಟ್ ಅಂತ ಕೇಳಿದರೆ ಅಂಗಡಿಯವರು ಕೊಡುವುದು ಸಾಮಾನ್ಯವಾಗಿ ಐಎಸ್‌ಒ (ಅಂತಾರಾಷ್ಟ್ರೀಯ ಪ್ರಮಾಣ) ಅಳತೆಯದ್ದು: ಒತ್ತಿ ಕೂರಿಸುವ ಕಪ್ 30.2, ಫೋರ್ಕ್ ಮೇಲಿನ ರೇಸ್ 26.4 ಮಿ.ಮೀ. ಹಳೆ ಜಪಾನಿ ಜೆಐಎಸ್ ಅಳತೆಯಲ್ಲಿ ಕಪ್ 30.0, ರೇಸ್ 27.0. ಎನ್‌ಜೆಎಸ್ ಮುದ್ರೆ ಇದೆ ಎಂದ ಮಾತ್ರಕ್ಕೆ ಇದೇ ಎಂದು ಹೇಳಲಾಗದು, ಎರಡೂ ಬಗೆ ಸಿಗುತ್ತದೆ. 30.2ರ ಕಪ್ಪನ್ನು ಚಿಕ್ಕ ಟ್ಯೂಬಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಟ್ಯೂಬಿನ ಬಾಯಿ ಬಿರಿಯುತ್ತದೆ. 26.4ರ ರೇಸ್ 27.0ರ ಸೀಟಿಗೆ ಇಳಿಯುವುದೇ ಇಲ್ಲ. ಕಟರ್ ಇದ್ದವರು ಸೀಟನ್ನು 27.0ರಿಂದ 26.4ಕ್ಕೆ ಇಳಿಸಿ ಕೊಡಬಹುದು, ಆದರೆ ಒಮ್ಮೆ ಕೊರೆದದ್ದು ಮತ್ತೆ ದಪ್ಪ ಆಗುವುದಿಲ್ಲ.

ಮತ್ತೊಂದು, ಎಲ್ಲರೂ ಮರೆಯುವಂಥದ್ದು. ಫೋರ್ಕಿನ ಸ್ಟಿಯರರ್ (ಹೆಡ್‌ಟ್ಯೂಬಿನೊಳಗೆ ಹೋಗುವ ಕೊಳವೆ) ಉದ್ದದಿಂದ ಹೆಡ್‌ಟ್ಯೂಬ್ ಉದ್ದ ಕಳೆಯಿರಿ. ಉಳಿದಷ್ಟರಲ್ಲೇ ಹೆಡ್‌ಸೆಟ್ಟಿನ ಪೂರಾ ಎತ್ತರ ಹಿಡಿಸಬೇಕು. ಹಿಡಿಸದಿದ್ದರೆ ಮೇಲಿನ ಲಾಕ್‌ನಟ್ಟಿಗೆ ಒಂದೂವರೆ ಸುತ್ತಿನ ಥ್ರೆಡ್ ಮಾತ್ರ ಸಿಕ್ಕಿ, ವಾರದೊಳಗೆ ಹ್ಯಾಂಡಲ್ ಗಡಗಡ ಅನ್ನುತ್ತದೆ.

ಬಾಟಮ್ ಬ್ರಾಕೆಟ್‌ನಲ್ಲಿ ತಲೆಬಿಸಿ ಇಲ್ಲ: 68 ಮಿ.ಮೀ., ಇಂಗ್ಲಿಷ್ ಥ್ರೆಡ್, ಬಲಗಡೆಯ ಕಪ್ ಎಡಕ್ಕೆ ತಿರುಗಿಸಿದರೆ ಬಿಗಿ. ಚೌಕ ಸ್ಪಿಂಡಲ್ ಮಾತ್ರ ಕ್ರ್ಯಾಂಕಿಗೆ ಹೊಂದುವುದನ್ನೇ ತಗೊಳ್ಳಿ. ಐಎಸ್‌ಒ ಕ್ರ್ಯಾಂಕನ್ನು ಜೆಐಎಸ್ ಸ್ಪಿಂಡಲಿಗೆ ಹಾಕಿದರೆ ಸುಮಾರು 4.5 ಮಿ.ಮೀ. ಹೊರಗೇ ನಿಲ್ಲುತ್ತದೆ, ಆಗ ಚೈನ್‌ಲೈನ್ (ಫ್ರೇಮಿನ ನಡುಗೆರೆಯಿಂದ ಚೈನಿಗೆ ಇರುವ ದೂರ) 42 ಮಿ.ಮೀ. ಬರುವುದಿಲ್ಲ. ಚೈನ್ ಸೊಟ್ಟ ಓಡಿ ಕರಕರ ಅನ್ನುತ್ತದೆ, ಕೊನೆಗೊಂದು ದಿನ ಕಳಚುತ್ತದೆ. ಫಿಕ್ಸೆಡ್‌ನಲ್ಲಿ ಚೈನ್ ಕಳಚಿ ಸಿಕ್ಕಿಕೊಂಡರೆ ಹಿಂದಿನ ಗಾಲಿಯೇ ಲಾಕ್.

ಖುಷಿಯ ಸಂಗತಿಯೂ ಒಂದುಂಟು. ಈ ಸೈಕಲ್ಲಿನ ಚೈನ್ ½ × ⅛ ಇಂಚು, ನಮ್ಮ ಹಾಲು ಹಾಕುವ ಸೈಕಲ್ಲಿನದ್ದೇ ಅಳತೆ. ತುರ್ತಿಗೆ ಯಾವ ಪೇಟೆಯಲ್ಲೂ ಸಿಗುತ್ತದೆ.

ಚಡಾವು_ಬದಿಯಡ್ಕ:

49×14 ಬೇಡವೇ ಬೇಡ. ಅದು ವೆಲೋಡ್ರೋಮಿನ ಗಿಯರ್. 1948ರಲ್ಲಿ ಕೊಕುರಾದಲ್ಲಿ ಶುರುವಾದ ಕೀರಿನ್ ಇವತ್ತಿಗೂ ಓರೆ ಕಟ್ಟಿದ ಟ್ರ್ಯಾಕಿನ ಪಂದ್ಯ, ಅಲ್ಲಿ ಗುಡ್ಡ ಎಲ್ಲಿಂದ ಬರಬೇಕು? ಲೆಕ್ಕ ನೋಡಿ. 49/14 ಅಂದರೆ 3.5, ಗಾಲಿಯ ಸುತ್ತಳತೆ 2.1 ಮೀ., ಒಂದು ತುಳಿತಕ್ಕೆ 7.35 ಮೀಟರ್. ಚಡಾವಿನಲ್ಲಿ ಗಂಟೆಗೆ 12 ಕಿ.ಮೀ. ಹೋದರೆ ನಿಮಿಷಕ್ಕೆ 27 ತುಳಿತ. ಅದು ತುಳಿಯುವುದಲ್ಲ, ಮಂಡಿಯಲ್ಲಿ ನೀರೆತ್ತುವುದು.

44×18 ಹಾಕಿ. ಅನುಪಾತ 2.44, ತುಳಿತಕ್ಕೆ 5.13 ಮೀ., ಅದೇ ವೇಗಕ್ಕೆ 39 ತುಳಿತ. ಮಟ್ಟಸ ರಸ್ತೆಯಲ್ಲಿ 90 ತುಳಿತಕ್ಕೆ ಹತ್ತಿರ ಹತ್ತಿರ 28 ಕಿ.ಮೀ. ಇಳಿಜಾರಿನಲ್ಲಿ 40 ಮುಟ್ಟಿದರೆ ನಿಮಿಷಕ್ಕೆ 130 ಸಲ ಕಾಲು ಸುತ್ತಬೇಕು. ಅಲ್ಲಿ ಗಿಯರಲ್ಲ, ಬ್ರೇಕ್ ಕಾಯುವುದು.

ಕಾಲಲ್ಲಿ ಗಾಲಿ ಜಾರಿಸಿ ನಿಲ್ಲಿಸುವ ಅಭ್ಯಾಸ ಇದ್ದರೆ ಟಯರ್ ಸವೆತದ ಲೆಕ್ಕವನ್ನೂ ಹಾಕಿಕೊಳ್ಳಿ. 44/18 ಸಂಕ್ಷೇಪಿಸಿದರೆ 22/9, ಟಯರ್ ಒಂಬತ್ತು ಜಾಗದಲ್ಲಿ ಹಂಚಿ ಸವೆಯುತ್ತದೆ. 48×16 ಆದರೆ 3/1, ಯಾವಾಗಲೂ ಒಂದೇ ಕಾಲಲ್ಲಿ ಜಾರಿಸುವವರಿಗೆ ಪ್ರತಿಸಲ ಒಂದೇ ಜಾಗ. ತಿಂಗಳಲ್ಲಿ ನೂಲು ಕಾಣುತ್ತದೆ.

ಕಾಗ್_ಉಪ್ಪಳ:

ಬ್ರೇಕ್ ಬಗ್ಗೆ: ಮುಂದೆ ಒಂದು ಇರಲೇಬೇಕು, ಇದರಲ್ಲಿ ಚರ್ಚೆ ಇಲ್ಲ. ಹಾಗಂತ ಹಳೆಯ ಫೋರ್ಕಿನ ಕ್ರೌನ್‌ಗೆ (ಎರಡು ಕಾಲು ಸೇರುವ ತಲೆ) ಡ್ರಿಲ್ ಇಡಬೇಡಿ. ತೂತಿರುವ ಒಂದಿಂಚಿನ ಥ್ರೆಡ್ ಫೋರ್ಕ್ ಇನ್ನೊಂದು ಹುಡುಕಿ, ಮೂಲದ್ದನ್ನು ಎಣ್ಣೆ ಸವರಿ ಎತ್ತಿಡಿ. ಆಕ್ಸಲ್‌ನಿಂದ ಕ್ರೌನ್‌ವರೆಗಿನ ಉದ್ದ ಮೊದಲಿನಷ್ಟೇ ಇರಲಿ. 10 ಮಿ.ಮೀ. ಹೆಚ್ಚಾದರೆ ಹೆಡ್ ಆಂಗಲ್ ಹೆಚ್ಚುಕಡಿಮೆ ಅರ್ಧ ಡಿಗ್ರಿ ಮಲಗುತ್ತದೆ, ಫ್ರೇಮಿನ ಚುರುಕೇ ಹೋಗುತ್ತದೆ.

ಟ್ಯೂಬ್ಯುಲರ್ ಟಯರ್ (ಟ್ಯೂಬನ್ನು ಒಳಗಿಟ್ಟು ಹೊಲಿದದ್ದು) ಇಲ್ಲಿಗೆ ಬೇಡ, ಪಂಕ್ಚರ್ ಆದರೆ ಹೊಲಿಗೆ ಬಿಚ್ಚುವವರು ಯಾರು? 700×23 ಕ್ಲಿಂಚರ್, ಅಂದರೆ ಟ್ಯೂಬ್ ಬೇರೆ ಇರುವ ಸಾದಾ ಟಯರ್, ಸಾಕು. 25 ಹಾಕುವುದಾದರೆ ಕ್ರೌನ್ ಕೆಳಗೆ 4 ಮಿ.ಮೀ. ಸಂದು ಉಳಿಯುತ್ತದಾ ನೋಡಿ. ಮಳೆಗಾಲದಲ್ಲಿ ಮುರಕಲ್ಲಿನ ಕೆಸರು ಅಲ್ಲೇ ಕಚ್ಚುವುದು. ಸೀಟ್‌ಪೋಸ್ಟ್, ಹ್ಯಾಂಡಲ್ ಸ್ಟೆಮ್ ಎರಡಕ್ಕೂ ಗ್ರೀಸ್ ಹಚ್ಚದೆ ಇಳಿಸಬೇಡಿ, ಈ ಉಪ್ಪುಗಾಳಿಗೆ ಅಲ್ಯೂಮಿನಿಯಂ ಸ್ಟೀಲಿಗೆ ಕಚ್ಚಿಕೊಂಡರೆ ಗರಗಸವೇ ಗತಿ.

ಒಂಟಿಗಿಯರ್_ಕುಂಬಳೆ:

ಅಳೆದೆ. ರೇಸ್ ಸೀಟ್ 27.0 ಬಂತು, ವರ್ನಿಯರಣ್ಣ ಹೇಳಿದ್ದು ಸರಿ. 44×18 ಹುಡುಕುತ್ತೇನೆ. ಇನ್ನೊಂದು ಸಂಶಯ. ಪೇಟೆಯ ಅಂಗಡಿಯವರು ಸಾದಾ ಫ್ರೀವೀಲ್ ಹಬ್ಬಿಗೇ ಕಾಗ್ ತಿರುಗಿಸಿ, ಹಳೆ ಬಾಟಮ್ ಬ್ರಾಕೆಟ್‌ನ ಲಾಕ್‌ರಿಂಗ್ ಬಿಗಿದು ಕೊಡುತ್ತೇನೆ ಅಂತಾರೆ. ಟ್ರ್ಯಾಕ್ ಹಬ್ಬಿನ ಖರ್ಚು ಉಳಿಯುತ್ತದೆ. ಆದೀತಾ?

ವರ್ನಿಯರ್_ಮಂಜೇಶ್ವರ:

ಆಗದು. ಥ್ರೆಡ್ ಹೊಂದುತ್ತದೆ, ಅಲ್ಲೇ ಮೋಸ ಇರುವುದು. ಫ್ರೀವೀಲ್ ಹಬ್, ಕಾಗ್, ಆ ಲಾಕ್‌ರಿಂಗ್ ಮೂರೂ ಬಲಕ್ಕೆ ಬಿಗಿಯಾಗುವಂಥವು. ಇಳಿಜಾರಿನಲ್ಲಿ ನೀವು ಪೆಡಲನ್ನು ಹಿಂದಕ್ಕೆ ಒತ್ತಿದಾಗ ಕಾಗ್ ಬಿಚ್ಚುವ ದಿಕ್ಕಿಗೇ ರಿಂಗ್ ಕೂಡ ಬಿಚ್ಚುತ್ತದೆ, ಎರಡೂ ಜೊತೆಯಾಗಿ ಹೊರಗೆ. ಟ್ರ್ಯಾಕ್ ಹಬ್ಬಿನಲ್ಲಿ ಕಾಗ್ 1.37 ಇಂಚು, ಬಲಕ್ಕೆ. ಲಾಕ್‌ರಿಂಗ್ 1.29 ಇಂಚು, ಎಡಕ್ಕೆ. ಕಾಗ್ ಬಿಚ್ಚಲು ಹೊರಟರೆ ರಿಂಗನ್ನು ಇನ್ನಷ್ಟು ಬಿಗಿಸುತ್ತದೆ. ಕೇಳುವಾಗ 120 ಮಿ.ಮೀ., 36 ಕಡ್ಡಿ, ಎರಡು ಮೆಟ್ಟಿಲಿನ ಥ್ರೆಡ್ ಅಂತ ಬಿಡಿಸಿ ಹೇಳಿ.

ಹಾಕುವ ಕ್ರಮ: ಥ್ರೆಡ್‌ಗೆ ಗ್ರೀಸ್, ಚೈನ್ ವಿಪ್‌ನಲ್ಲಿ (ಚೈನ್ ತುಂಡಿರುವ ಹಿಡಿಕೆ) ಕಾಗ್ ಬಿಗಿ, ಆಮೇಲೆ ರಿಂಗ್. ಮೊದಲ ಸಲ ಬದಿಯಡ್ಕಕ್ಕೆ ಹತ್ತಿ ಬಂದ ಮೇಲೆ ರಿಂಗನ್ನು ಮತ್ತೊಮ್ಮೆ ಬಿಗಿಯಿರಿ. ಚಡಾವಿನ ತುಳಿತಕ್ಕೆ ಕಾಗ್ ಇನ್ನೂ ಒಳಗೆ ಕೂತು ರಿಂಗ್ ಸಡಿಲವಾಗಿರುತ್ತದೆ. ಚೈನ್ ನಡುವೆ ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಆಡಲಿ. ಕ್ರ್ಯಾಂಕ್ ತಿರುಗಿಸುತ್ತ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಕಂಡರೆ ಚೈನ್‌ವೀಲ್ ನಡುವಿಗೆ ಕೂತಿಲ್ಲ. ಐದು ಬೋಲ್ಟ್ ಸ್ವಲ್ಪ ಸಡಿಲಿಸಿ, ಬಿಗಿ ಇರುವ ಕಡೆ ಚೈನಿಗೆ ಮೆಲ್ಲಗೆ ತಟ್ಟಿ, ಮತ್ತೆ ಬಿಗಿಯಿರಿ.

ಚಡಾವು_ಬದಿಯಡ್ಕ:

ಟೋ ಕ್ಲಿಪ್ ಹಾಕಿದ ಮೇಲೆ ನಿಧಾನ ತಿರುವಿನಲ್ಲಿ ಕಾಲ್ಬೆರಳು ಮುಂದಿನ ಗಾಲಿಗೆ ತಾಗುತ್ತದೆ, ಈ ಫ್ರೇಮುಗಳ ಮುಂಭಾಗ ಗಿಡ್ಡ. ಕುಂಬಳೆ ಪೇಟೆಯಲ್ಲಿ ಬಸ್ಸಿನ ಹಿಂದೆ ಸಿಕ್ಕಿಬೀಳುವ ಮೊದಲು ಮನೆಯಂಗಳದಲ್ಲಿ ಎಂಟರ ಆಕಾರ ಹೊಡೆದು ನೋಡಿ. 165 ಮಿ.ಮೀ. ಕ್ರ್ಯಾಂಕ್ ಆದರೆ ಸ್ವಲ್ಪ ಕಮ್ಮಿ ತಾಗುತ್ತದೆ.